ಗರಿಕೆಯ ತಾಕಿಗೆ ವಸಂತಕಾಲದ ಗೊಬ್ಬರ: ಹಾಕುವ ಕಾಲವೂ ಕ್ರಮವೂ

ದನ ಮೇಯುವ ಬಯಲನ್ನು ಕಂಡ ರೈತರಿಗೆಲ್ಲ ಒಂದು ಸಂಗತಿಯು ತಿಳಿದೇ ಇರುವುದು. ಬೇಸಗೆಯಲ್ಲಿ ಹಸುವು ಗಂಜಳ ಬಿಟ್ಟ ಕಡೆಯಲ್ಲಿ ಹುಲ್ಲು ಸುಟ್ಟಂತೆ ಕೆಂಪಾಗಿ ಒಣಗುವುದು. ಮಳೆಗಾಲದಲ್ಲಿ ಅದೇ ಬಯಲಿನಲ್ಲಿ ಗಂಜಳ ಬಿದ್ದ ಕಡೆಯಲ್ಲಿಯಾದರೋ, ಕೆಲವು ದಿವಸಗಳೊಳಗಾಗಿ, ಸುತ್ತಣ ಹುಲ್ಲಿಗಿಂತ ಎತ್ತರವಾಗಿಯೂ ಕಪ್ಪು ಹಸುರಾಗಿಯೂ ಹುಲ್ಲು ಬೆಳೆದು ನಿಲ್ಲುವುದು. ಎರಡು ವೇಳೆಯಲ್ಲಿಯೂ ಬಿದ್ದ ಗೊಬ್ಬರವು ಒಂದೇ. ವ್ಯತ್ಯಾಸವಾದದ್ದು ನೆಲದೊಳಗಣ ತೇವವು. ಹುಲ್ಲಿಗೆ ಗೊಬ್ಬರ ಹಾಕುವ ವಿಷಯದಲ್ಲಿ ಅರಿಯತಕ್ಕ ಮುಖ್ಯಾಂಶವು ಇದೇ ಆಗಿರುವುದು.

ಮನೆಯ ಮುಂದಣ ಅಂಗಳದಲ್ಲಾಗಲಿ, ಹಿತ್ತಲಿನಲ್ಲಾಗಲಿ, ಬಾವಿಯ ಬಳಿಯಲ್ಲಾಗಲಿ ಒಂದೆರಡು ಗುಂಟೆ ಗರಿಕೆಯನ್ನು ಉಳಿಸಿಕೊಂಡಿರುವ ಗೃಹಸ್ಥರು ಅನೇಕರುಂಟು. ಇದರಿಂದ ಕರುಗಳಿಗೆ ಎಳೆಹುಲ್ಲು ದೊರೆಯುವುದು. ಮಕ್ಕಳಿಗೆ ಧೂಳಿಲ್ಲದ ಆಟದ ಸ್ಥಳವಾಗುವುದು. ಮಳೆಯ ನೀರಿಗೆ ಮಣ್ಣು ಕೊಚ್ಚಿಹೋಗುವುದು ತಪ್ಪುವುದು. ಆದರೆ ಯುಗಾದಿಯ ಸಮಯಕ್ಕೆ ಹುಲ್ಲು ಬಡವಾಗಿ ಕಾಣುವುದರಿಂದ, ಕೆಲವರು ಆಗಲೇ ತಿಪ್ಪೆಯ ಗೊಬ್ಬರವನ್ನೋ ಅಂಗಡಿಯ ಗೊಬ್ಬರವನ್ನೋ ಒಣನೆಲದ ಮೇಲೆ ಚೆಲ್ಲುವರು. ಇದರಿಂದ ಗೊಬ್ಬರದ ಸಾರವು ಬಿಸಿಲಿಗೂ ಗಾಳಿಗೂ ಹೋಗುವುದು; ಹಣವು ವ್ಯರ್ಥವಾಗುವುದು; ಕೆಲವು ವೇಳೆ ಇದ್ದ ಹುಲ್ಲೂ ಸುಡುವುದು.

ಹುಲ್ಲಿನ ವಸಂತವು ಯಾವುದು

ವಸಂತಕಾಲದಲ್ಲಿ ಹುಲ್ಲಿಗೆ ಗೊಬ್ಬರ ಹಾಕಬೇಕೆಂಬ ಮಾತು ಚಳಿದೇಶಗಳ ಪುಸ್ತಕಗಳಿಂದ ಬಂದದ್ದು. ಇಂಗ್ಲೆಂಡಿನಂಥ ದೇಶದಲ್ಲಿ ಹುಲ್ಲಿನ ಬೆಳವಣಿಗೆಯನ್ನು ನಿಲ್ಲಿಸುವುದು ಚಳಿ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ನೆಲವು ಬೆಚ್ಚಗಾಗುವುದು. ತೇವವು ಚಳಿಗಾಲದಿಂದಲೇ ನೆಲದಲ್ಲಿ ತುಂಬಿರುವುದು. ಆದ್ದರಿಂದ ಅಲ್ಲಿ ಆ ತಿಂಗಳುಗಳಲ್ಲಿ ಹಾಕಿದ ಗೊಬ್ಬರವು ಕೂಡಲೇ ಬೇರಿಗೆ ತಲಪುವುದು.

ಮೈಸೂರು ಸೀಮೆಯ ಬಯಲು ಪ್ರದೇಶದಲ್ಲಿ ಹುಲ್ಲನ್ನು ನಿಲ್ಲಿಸುವುದು ಮುಖ್ಯವಾಗಿ ನೀರಿನ ಅಭಾವವು. ಫಾಲ್ಗುಣ ಚೈತ್ರಗಳಲ್ಲಿ ಮಾವು ಹೊಂಗೆಗಳು ಆಳದ ಬೇರುಗಳ ಬಲದಿಂದ ಚಿಗುರಿದರೂ, ಗರಿಕೆಯು ಮೇಲಣ ಎಲೆಯನ್ನು ಒಣಗಿಸಿಕೊಂಡು ಗೆಣ್ಣುಗಳಲ್ಲಿ ಜೀವವನ್ನು ಹಿಡಿದುಕೊಂಡಿರುವುದು. ಗರಿಕೆಯು ಸೆಕೆಯನ್ನು ಪ್ರೀತಿಸುವ ಹುಲ್ಲು; ಅದಕ್ಕೆ ಬೇಕಾದ ಕಾವು ಆಗ ಉಂಟು, ನೀರು ಮಾತ್ರ ಇಲ್ಲ. ಆದ ಕಾರಣ ಪಂಚಾಂಗದ ವಸಂತವು ಬೇರೆ, ಗರಿಕೆಯ ವಸಂತವು ಬೇರೆ. ನೆಲವನ್ನು ನೆನೆಸುವ ಮೊದಲ ಮಳೆಗಳು ಬಿದ್ದ ದಿವಸವೇ ಗರಿಕೆಗೆ ವಸಂತದ ಆರಂಭವೆಂದು ತಿಳಿಯತಕ್ಕದ್ದು.

ಕಾಲವನ್ನು ಗೊತ್ತುಮಾಡುವ ಬಗೆ

ಏಪ್ರಿಲ್ ನಡುವಿನಲ್ಲಿ ಹುಟ್ಟುವ ಅಶ್ವಿನಿ ಮಳೆಯನ್ನು ನಂಬಿ ಗೊಬ್ಬರ ಹಾಕಕೂಡದು. ಒಂದು ಹದ ಮಳೆ ಬಿದ್ದು ಹದಿನೈದು ದಿವಸ ಬಿಸಿಲು ಕಾಯುವುದು ಆ ಕಾಲದಲ್ಲಿ ಸಾಮಾನ್ಯವು. ಭರಣಿ ಕೃತ್ತಿಕೆಗಳಲ್ಲಿ, ಎಂದರೆ ಏಪ್ರಿಲ್ ಕಡೆಯಿಂದ ಮೇ ತಿಂಗಳ ನಾಲ್ಕನೆಯ ವಾರದವರೆಗೆ, ಎರಡು ಒಳ್ಳೆಯ ಮಳೆಗಳಾದ ಮೇಲೆ ಈ ಪರೀಕ್ಷೆಯನ್ನು ಮಾಡತಕ್ಕದ್ದು. ತಾಕಿನ ಎರಡು ಮೂರು ಕಡೆ ಒಂದು ಗೇಣು ಆಳ ಗುದ್ದಲಿಯಿಂದ ಅಗೆದು ತಳದ ಮಣ್ಣನ್ನು ಅಂಗೈಯಲ್ಲಿ ಹಿಸುಕಬೇಕು. ಮಣ್ಣು ಉಂಡೆ ಕಟ್ಟಿದರೆ ತೇವವು ಸಾಕು. ಪುಡಿಯಾಗಿ ಉದುರಿದರೆ ಇನ್ನೂ ಕಾಯಬೇಕು. ಅದರ ಜತೆಗೆ ತಾಕಿನ ಬಹುಭಾಗವು ಹಸುರು ಚಿಗುರು ತೋರಿರಬೇಕು. ಚಿಗುರದ ಹುಲ್ಲು ಗೊಬ್ಬರವನ್ನು ತೆಗೆದುಕೊಳ್ಳಲಾರದು. ಆಗ ಅದನ್ನು ತಿನ್ನುವುದು ಮುಂಚೆ ಎದ್ದ ಜೇಕು ಮುಂತಾದ ಕಳೆಗಳು. ಆದ್ದರಿಂದ ಕಳೆಯನ್ನು ಕಿತ್ತ ಮೇಲೆಯೇ ಗೊಬ್ಬರವನ್ನು ಹಾಕಬೇಕು.

ಬಾವಿಯ ನೀರಿನ ಅನುಕೂಲವಿದ್ದವರು ಮಳೆಗಾಗಿ ಕಾಯಬೇಕಾದದ್ದಿಲ್ಲ. ಅವರು ಚೈತ್ರದಲ್ಲಿಯೇ ಎರಡು ಸಾರಿ ನೀರು ಕಟ್ಟಿ, ಹುಲ್ಲು ಚಿಗುರಿದ ಮೇಲೆ ಗೊಬ್ಬರ ಹಾಕಬಹುದು. ಆದರೆ ತರುವಾಯ ನೀರನ್ನು ತಪ್ಪಿಸಕೂಡದು. ಕುಡಿಯುವ ನೀರಿಗೇ ಕಷ್ಟವಿರುವ ಊರಿನಲ್ಲಿ ಈ ಕ್ರಮವನ್ನು ಅನುಸರಿಸುವುದು ಸರಿಯಲ್ಲ.

ಯಾವ ಗೊಬ್ಬರ, ಎಷ್ಟು

ಮೊದಲನೆಯದು ಕೊಟ್ಟಿಗೆ ಗೊಬ್ಬರ. ಇದು ಚೆನ್ನಾಗಿ ಕಳಿತದ್ದಾಗಿರಬೇಕು. ಹಸಿ ಸಗಣಿಯು ಹುಲ್ಲನ್ನು ಮುಚ್ಚಿ ಉಸಿರುಕಟ್ಟಿಸುವುದಲ್ಲದೆ ಕಳೆಯ ಬೀಜವನ್ನೂ ತರುವುದು. ಜರಡಿ ಹಿಡಿದ ಗೊಬ್ಬರವು ಒಂದು ಗುಂಟೆಗೆ ೧೦೦ ರಿಂದ ೧೨೫ ಕಿಲೋಗ್ರಾಂ, ಎಂದರೆ ಐದಾರು ಮಂಕರಿ, ಸಾಕು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಸುಮಾರು ಅರ್ಧ ಪಾಲು ಇರುವುದು. ಇದು ನಿಧಾನವಾಗಿ ಬಿಡುಗಡೆಯಾಗಿ ಮಳೆಗಾಲದುದ್ದಕ್ಕೂ ಹುಲ್ಲಿಗೆ ಒದಗುವುದು.

ಎರಡನೆಯದು ಯೂರಿಯಾ. ಇದರಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದು. ಗುಂಟೆಗೆ ಒಂದು ಕಿಲೋಗ್ರಾಂ ಮೀರಕೂಡದು. ಇದಕ್ಕೆ ಬದಲಾಗಿ ಅಮೋನಿಯಂ ಸಲ್ಫೇಟನ್ನು ಹಾಕುವವರು ಗುಂಟೆಗೆ ೨¼ ಕಿಲೋಗ್ರಾಂ ಹಾಕಬಹುದು. ಅದರಲ್ಲಿ ಸಾರಜನಕವು ನೂರಕ್ಕೆ ೨೦ ಪಾಲಿಗಿಂತ ತುಸು ಹೆಚ್ಚು. ಐದಾರು ಮಂಕರಿ ಕಳಿತ ಗೊಬ್ಬರದಲ್ಲಿಯೂ ಒಂದು ಕಿಲೋಗ್ರಾಂ ಯೂರಿಯಾದಲ್ಲಿಯೂ ಇರುವ ಸಾರಜನಕವು ಹೆಚ್ಚು ಕಡಮೆ ಸಮವಾಗಿರುವುದರಿಂದ, ಕೊಟ್ಟಿಗೆಯುಳ್ಳವರು ಅಂಗಡಿಯ ಗೊಬ್ಬರಕ್ಕಾಗಿ ಸಾಲಮಾಡಬೇಕಾದದ್ದಿಲ್ಲ.

ಮೂರನೆಯದು ಗಂಜಳ. ಒಂದು ಪಾಲು ಗಂಜಳಕ್ಕೆ ಹತ್ತು ಪಾಲು ನೀರು ಬೆರೆಸಿ, ನೆನೆದ ನೆಲದ ಮೇಲೆ ಚಿಮುಕಿಸಿದರೆ ಮೊದಲು ಹೇಳಿದ ಕಪ್ಪು ಹಸುರು ತಾಕಿಗೆಲ್ಲ ಬರುವುದು.

ಹಾಕುವ ಕ್ರಮ

ಮಳೆಗೆ ಮುಂಚೆ ಒಣಗಿದ ಹುಲ್ಲನ್ನು ತಗ್ಗಾಗಿ ಕೊಯ್ದು ಕೊಟ್ಟಿಗೆಗೆ ಹಾಸಬೇಕು, ಬೆಂಕಿ ಇಡಬಾರದು. ಕೊಟ್ಟಿಗೆ ಗೊಬ್ಬರವನ್ನು ತೆಳ್ಳಗೆ ಎರಚಿ, ಕಡ್ಡಿಪೊರಕೆಯಿಂದ ಗುಡಿಸಿ ಹುಲ್ಲಿನ ಬುಡಕ್ಕೆ ಇಳಿಸಬೇಕು. ಎಲೆಯ ತುದಿಗಳು ಮೇಲೆ ಕಾಣುತ್ತಿರಬೇಕು.

ಯೂರಿಯಾವನ್ನು ಅದರ ಐದರಷ್ಟು ಒಣಮರಳಿನೊಡನೆ ಬೆರೆಸಿ ಎರಡು ಸಮಪಾಲು ಮಾಡತಕ್ಕದ್ದು. ಒಂದು ಪಾಲನ್ನು ತಾಕಿನ ಉದ್ದಕ್ಕೂ, ಇನ್ನೊಂದನ್ನು ಅಡ್ಡಕ್ಕೂ ನಡೆದು ಚೆಲ್ಲಿದರೆ ಪಟ್ಟೆಗಳು ಬೀಳವು. ಎಲೆಯ ಮೇಲೆ ಇಬ್ಬನಿಯಾಗಲಿ ಮಳೆಹನಿಯಾಗಲಿ ಇರುವಾಗ ಚೆಲ್ಲಕೂಡದು. ಕಾಳುಗಳು ಅಂಟಿಕೊಂಡು ಎಲೆಯನ್ನು ಸುಡುವುವು. ನೆಲ ತೇವವಾಗಿದ್ದು ಎಲೆ ಒಣಗಿರುವ ಸಾಯಂಕಾಲವು ಉತ್ತಮವು. ಅದೇ ರಾತ್ರಿ ಹದವಾದ ಮಳೆ ಬಂದರೆ ಸರಿ. ಇಲ್ಲವಾದರೆ ನೀರು ಹನಿಸಿ ಗೊಬ್ಬರವನ್ನು ಮಣ್ಣಿನೊಳಕ್ಕೆ ಇಳಿಸಬೇಕು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅಮೋನಿಯ ಎಂಬ ಅನಿಲದ್ದು. ನೆಲದ ಮೇಲೆಯೇ ಉಳಿದ ಯೂರಿಯಾವು ಇದೇ ಅನಿಲವಾಗಿ ಗಾಳಿಗೆ ಹೋಗುವುದು. ಹೊಡೆಮಳೆಯ ಮುಂಚೆ ಚೆಲ್ಲಿದರೆ ಗೊಬ್ಬರವು ಚರಂಡಿಗೆ ಹರಿಯುವುದು.

ಎರಡನೆಯ ಸಾರಿಯ ಗೊಬ್ಬರವನ್ನು ಆರು ವಾರಗಳ ತರುವಾಯ, ಹುಲ್ಲಿನ ಹಸುರು ಕುಂದಿದರೆ ಮಾತ್ರ ಹಾಕಬಹುದು. ವರ್ಷದ ಕಡೆಯ ಗೊಬ್ಬರವನ್ನು ಹಸ್ತ ಮಳೆಯೊಳಗೆ ಮುಗಿಸತಕ್ಕದ್ದು.

ಎಚ್ಚರಿಕೆಗಳು

ಬೂದಿಯನ್ನು ಯೂರಿಯಾದೊಡನೆಯಾಗಲಿ, ಅಮೋನಿಯಂ ಸಲ್ಫೇಟಿನೊಡನೆಯಾಗಲಿ, ಗಂಜಳದೊಡನೆಯಾಗಲಿ ಬೆರೆಸಬಾರದು. ಬೆರೆಸಿದರೆ ಸಾರಜನಕವು ಅನಿಲವಾಗಿ ಹೋಗುವುದು. ಬೂದಿಯು ಗರಿಕೆಗೆ ಒಳ್ಳೆಯದೇ. ಆದರೆ ಹದಿನೈದು ದಿವಸಗಳ ಅಂತರ ಬಿಟ್ಟು ಬೇರೆಯಾಗಿ ಹಾಕಬೇಕು.

ಯೂರಿಯಾ ಚೆಲ್ಲಿದ ತಾಕಿಗೆ ಮೂರು ವಾರಗಳವರೆಗೆ ದನಕರುಗಳನ್ನು ಬಿಡಕೂಡದು. ಕಲಗಚ್ಚಿನ ಬಾನಿಯಲ್ಲಿ ಯೂರಿಯಾವನ್ನು ಕರಗಿಸುವುದು, ಹರಿದ ಚೀಲವನ್ನು ಕೊಟ್ಟಿಗೆಯಲ್ಲಿಡುವುದು, ಖಾಲಿ ಚೀಲವನ್ನು ನೀರುತೊಟ್ಟಿಯಲ್ಲಿ ತೊಳೆಯುವುದು, ಇವು ಮೂರೂ ಅಪಾಯಕರವಾದವು. ಯೂರಿಯಾ ಕರಗಿದ ನೀರನ್ನು ಕುಡಿದ ದನವು ಕೆಲವೇ ಗಂಟೆಗಳಲ್ಲಿ ಸಾಯುವುದುಂಟು. ಹುಲ್ಲು ಬೆಳೆಸುವುದು ಹಸುವಿಗಾಗಿಯೇ ಎಂಬುದನ್ನು ಮನೆಯವರೆಲ್ಲರಿಗೂ, ಮುಖ್ಯವಾಗಿ ಆಳುಮಕ್ಕಳಿಗೂ, ತಿಳಿಸಿ ಹೇಳತಕ್ಕದ್ದು.

ಗೋಮಾಳಗಳ ವಿಷಯ

ಮನೆಯ ತಾಕಿಗೆ ಒಳ್ಳೆಯದಾದ ಗೊಬ್ಬರವನ್ನು ಊರಿನ ಗೋಮಾಳಕ್ಕೂ ಹಾಕಿದರೆ ಲಾಭವೇ ಎಂದು ಮುಖಂಡರು ಕೇಳಬಹುದು. ಇದಕ್ಕೆ ಇಂಗ್ಲೆಂಡಿನ ರಾಥಾಂಸ್ಟೆಡ್ ಎಂಬಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು ೧೮೫೬ ರಲ್ಲಿ ಆರಂಭಿಸಿದ ಹುಲ್ಲುಗಾವಲಿನ ಪ್ರಯೋಗವು ಉತ್ತರ ಕೊಡುವುದು. ಅಲ್ಲಿ ಏನೂ ಹಾಕದೆ ಬಿಟ್ಟ ತಾಕುಗಳಲ್ಲಿ ಮೂವತ್ತಕ್ಕೂ ಮಿಕ್ಕ ಜಾತಿಯ ಸಸ್ಯಗಳು ಉಳಿದುಬಂದುವು. ವರ್ಷವರ್ಷವೂ ಅಮೋನಿಯಂ ಸಲ್ಫೇಟನ್ನು ಹೆಚ್ಚಾಗಿ ಪಡೆದ, ಸುಣ್ಣವಿಲ್ಲದ ತಾಕುಗಳಲ್ಲಿ ಹುಲ್ಲು ಎತ್ತರವಾಗಿ ಬೆಳೆದರೂ ಎರಡು ಮೂರು ಜಾತಿಗಳು ಮಾತ್ರ ನಿಂತವು. ಮಣ್ಣು ಹುಳಿಯಾಗಿ, ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ಕಟ್ಟಿಕೊಂಡಿತು. ಅವರೆ ಹುರುಳಿಗಳ ಬಳಗಕ್ಕೆ ಸೇರಿದ ದ್ವಿದಳ ಸಸ್ಯಗಳು ಮೊದಲೇ ಮಾಯವಾದುವು. ಸಾರಜನಕವಿಲ್ಲದೆ ರಂಜಕ ಪೊಟ್ಯಾಷುಗಳನ್ನು ಮಾತ್ರ ಪಡೆದ ತಾಕುಗಳಲ್ಲಿ ಆ ದ್ವಿದಳಗಳು ಚೆನ್ನಾಗಿ ಉಳಿದುವು.

ಆದುದರಿಂದ ಗೋಮಾಳಕ್ಕೆ ಯೂರಿಯಾವನ್ನು ಎರಚುವುದಕ್ಕಿಂತ, ಅದನ್ನು ಪಾಲುಮಾಡಿ ಒಂದೊಂದು ಪಾಲಿಗೂ ಸರದಿಯ ಮೇಲೆ ಬಿಡುವು ಕೊಡುವುದೇ ಮೇಲು. ಕೆಂಪುಮಣ್ಣಿನ ಮನೆಯ ತಾಕಿನಲ್ಲಿಯೂ ಅಮೋನಿಯಂ ಸಲ್ಫೇಟನ್ನು ಪ್ರತಿವರ್ಷವೂ ಹಾಕದೆ, ಒಂದು ವರ್ಷ ಬಿಟ್ಟು ಒಂದು ವರ್ಷ ಕೊಟ್ಟಿಗೆ ಗೊಬ್ಬರವನ್ನು ಹಾಕುವುದು ಕ್ಷೇಮಕರವು.

ಕಡೆಯದಾಗಿ, ಈ ಮಾತುಗಳನ್ನು ಪರೀಕ್ಷಿಸದೆ ನಂಬಬೇಕಾದದ್ದಿಲ್ಲ. ತಾಕಿನ ಒಂದು ಅಂಚಿನಲ್ಲಿ ಎರಡು ಮಾರಗಲದ ಪಟ್ಟಿಗೆ ಯುಗಾದಿಯಲ್ಲಿಯೂ, ಪಕ್ಕದ ಪಟ್ಟಿಗೆ ಎರಡು ಮಳೆಗಳಾದ ಮೇಲೆಯೂ ಒಂದೇ ತೂಕದ ಗೊಬ್ಬರವನ್ನು ಹಾಕಿ, ಮೂರನೆಯದನ್ನು ಬರಿದೇ ಬಿಡಬೇಕು. ಆರಿದ್ರೆಯ ಹೊತ್ತಿಗೆ ಮೂರು ಪಟ್ಟಿಗಳ ಹುಲ್ಲನ್ನೂ ಬೇರೆ ಬೇರೆಯಾಗಿ ಕೊಯ್ದು ತೂಗಿದರೆ, ಕಾಲವನ್ನರಿತು ಹಾಕಿದ ಗೊಬ್ಬರದ ಬೆಲೆಯು ತಕ್ಕಡಿಯಲ್ಲಿಯೇ ಗೊತ್ತಾಗುವುದು. ಊರಿನ ಮುಖಂಡರು ತಮ್ಮ ಮನೆಯ ಮುಂದೆ ಹೀಗೆ ಮಾಡಿ ತೋರಿಸಿದರೆ, ನೆರೆಹೊರೆಯವರು ಕೇಳುವುದಕ್ಕಿಂತ ಮುಂಚೆಯೇ ಕಂಡು ಕಲಿಯುವರು.