ಕೀ ಕೊಟ್ಟ ಮೇಲೆ ಹೊಣೆ ಯಾರದು?

ಬೈಕಿನ ಕ್ಲಚ್ ಪ್ಲೇಟ್ ಬದಲಿಸಲು ಶನಿವಾರ ಗ್ಯಾರೇಜಿಗೆ ಬಿಟ್ಟಿದ್ದೆ. ಸೋಮವಾರ ಸಂಜೆ ಹೋದಾಗ ಕ್ಲಚ್ ಬೆಣ್ಣೆಯಂತಾಗಿತ್ತು. ಆದರೆ ಎಡಗಡೆಯ ಇಂಡಿಕೇಟರ್ ಒಡೆದಿತ್ತು. ಹಿಂದಿನ ಮಡ್‌ಗಾರ್ಡಿಗೆ ಕೆಮ್ಮಣ್ಣು ಮೆತ್ತಿತ್ತು. ನಮ್ಮ ಬಡಾವಣೆಯ ಸುತ್ತ ಎಲ್ಲೂ ಕೆಮ್ಮಣ್ಣಿನ ದಾರಿಯಿಲ್ಲ. ಪೆಟ್ರೋಲ್ ಲೆಕ್ಕ ಬರೆದಿಡುವ ಹಳೇ ಚಟ ನನ್ನದು. ಮೀಟರ್ ನೋಡಿದರೆ 62 ಕಿಲೋಮೀಟರ್ ಜಾಸ್ತಿ ಓಡಿತ್ತು.

‘ಟ್ರಯಲ್ ನೋಡಿದ್ವಿ ಸಾರ್’ ಎಂದ ಹುಡುಗ, ನೆಲ ನೋಡುತ್ತ.

‘ಇಂಡಿಕೇಟರ್ ಮೊದಲೇ ಹಂಗೇ ಇತ್ತಲ್ವಾ?’ ಎಂದರು ಮಾಲೀಕರು.

ಇರಲಿಲ್ಲ ಎನ್ನಲು ನನಗೆ ಬಾಯಿತ್ತು, ತೋರಿಸಲು ಚೀಟಿ ಇರಲಿಲ್ಲ. ಹೊಸ ಇಂಡಿಕೇಟರಿಗೂ ನಾನೇ ದುಡ್ಡು ಕೊಟ್ಟು ಮನೆಗೆ ಬಂದೆ. ಗ್ಯಾರೇಜಿನ ಗೋಡೆಯ ಮೇಲೆ ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಬೋರ್ಡಿತ್ತು. ಆ ಬೋರ್ಡೇ ಕಾನೂನು ಎಂದು ಆಗ ನಾನೂ ನಂಬಿದ್ದೆ. ಅದು ಕಾನೂನಲ್ಲ.

ಸಾವಿರ ವರ್ಷ ಹಳೆಯ ಪ್ರಶ್ನೆ

ಗಾಡಿ ರಿಪೇರಿಗೆ ಬಿಡುವುದಕ್ಕೆ ಕಾನೂನಿನ ಭಾಷೆಯಲ್ಲಿ ‘ಬೇಲ್‌ಮೆಂಟ್’ ಎನ್ನುತ್ತಾರೆ. ಒಂದು ಕೆಲಸಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು, ಇಷ್ಟೇ ಅದರ ಅರ್ಥ. 1872ರ ಭಾರತೀಯ ಒಪ್ಪಂದ ಕಾಯ್ದೆಯ 148ನೇ ಸೆಕ್ಷನ್‌ನಿಂದ ಇದರ ನಿಯಮಗಳು ಶುರುವಾಗುತ್ತವೆ.

ಗಾಡಿ ಬಿಡುವವರಿಗೆ ಇವುಗಳಲ್ಲಿ ಮೂರು ಮುಖ್ಯ. 151ನೇ ಸೆಕ್ಷನ್ ಪ್ರಕಾರ, ವಿವೇಕವುಳ್ಳ ಸಾಮಾನ್ಯ ಮನುಷ್ಯ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಗ್ಯಾರೇಜಿನವರು ಗಿರಾಕಿಯ ಗಾಡಿಯನ್ನೂ ಹಾಗೆಯೇ ನೋಡಿಕೊಳ್ಳಬೇಕು. 154ರ ಪ್ರಕಾರ, ಒಪ್ಪಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿದರೆ ಆ ಬಳಕೆಯಲ್ಲಿ ಆದ ನಷ್ಟವನ್ನೆಲ್ಲ ಕಟ್ಟಿಕೊಡಬೇಕು. ಅಲ್ಲಿ ‘ಹುಡುಗ ಹುಷಾರಾಗೇ ಓಡಿಸಿದ್ದ’ ಎಂಬ ಸಬೂಬು ನಡೆಯದು. 161ರ ಪ್ರಕಾರ, ತಮ್ಮ ತಪ್ಪಿನಿಂದ, ಹೇಳಿದ ಹೊತ್ತಿಗೆ ಗಾಡಿ ವಾಪಸ್ ಕೊಡದಿದ್ದರೆ ಅಲ್ಲಿಂದಾಚೆಗಿನ ನಷ್ಟಕ್ಕೂ ಅವರೇ ಹೊಣೆ.

ಇದನ್ನೆಲ್ಲ ಬ್ರಿಟಿಷರೇ ಮೊದಲು ಯೋಚಿಸಿದ್ದಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ನಿಕ್ಷೇಪದ, ಅಂದರೆ ನಂಬಿ ಇಡಲು ಕೊಟ್ಟ ವಸ್ತುವಿನ, ಬಗ್ಗೆ ಇಂಥದೇ ಮಾತಿದೆ: ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ವಸ್ತು ಹೋದರೆ ಇಟ್ಟುಕೊಂಡವನು ಕೊಡಬೇಕಿಲ್ಲ, ಒಡೆಯ ಕೇಳಿದಾಗ ಕೊಡದೆ, ಆಮೇಲೆ ಹಾಳಾದರೆ ಬೆಲೆಯ ಜೊತೆ ದಂಡವನ್ನೂ ತೆರಬೇಕು, ತಾನೇ ಮನಸೋ ಇಚ್ಛೆ ಬಳಸಿಕೊಂಡರೆ ಅದಕ್ಕೂ ದಂಡ. ಬಟ್ಟೆ ಒಗೆಯಲು ತೆಗೆದುಕೊಂಡವನು ಅದನ್ನು ತಾನೇ ಉಟ್ಟರೆ ಮೂರು ಪಣ (ಆಗಿನ ನಾಣ್ಯ) ದಂಡ, ಬಾಡಿಗೆಗೋ ಒತ್ತೆಗೋ ಕೊಟ್ಟರೆ ಹತ್ತು ಪಣ ಎಂಬ ಲೆಕ್ಕವೂ ಅಲ್ಲಿದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ನನ್ನ ಬೈಕಿನ 62 ಕಿಲೋಮೀಟರಿಗೆ ಅವನು ಎಷ್ಟು ಪಣ ಹಾಕುತ್ತಿದ್ದನೋ!

ಬೋರ್ಡಿಗೆ ಬೆಲೆ ಎಷ್ಟು?

‘ಓನರ್ಸ್ ರಿಸ್ಕ್’ ಎಂಬ ಬೋರ್ಡಿನ ವಿಚಾರಕ್ಕೆ ಬರೋಣ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಝೆನ್‌ನಲ್ಲಿ ಬಂದರು. ಕೀಯನ್ನು ಗಾಡಿ ನಿಲ್ಲಿಸುವ ವ್ಯಾಲೆಟ್ ಕೈಗೆ ಕೊಟ್ಟು ಒಳಗೆ ಹೋದರು. ಹೊರಗೆ ಬಂದಾಗ ಕಾರಿರಲಿಲ್ಲ. ಇನ್ನೊಂದು ಕಾರಿನಲ್ಲಿ ಬಂದಿದ್ದ ಹುಡುಗರು ಅದನ್ನು ಓಡಿಸಿಕೊಂಡು ಹೋಗಿದ್ದರು. ಪಾರ್ಕಿಂಗ್ ಟೋಕನ್ನಿನ ಮೇಲೆ, ವಾಹನ ನಿಲ್ಲಿಸುವುದು ಅತಿಥಿಯ ಸ್ವಂತ ಜವಾಬ್ದಾರಿ ಎಂದು ಅಚ್ಚಾಗಿತ್ತು. ವಿಮಾ ಕಂಪನಿ 2.8 ಲಕ್ಷ ರೂಪಾಯಿ ಕೊಟ್ಟು, ಹೋಟೆಲಿನ ಮೇಲೆ ದೂರು ಹೂಡಿತು.

2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೋಟೆಲೇ ಹೊಣೆ ಎಂದಿತು. ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಅದರ ಸಾರ ಎರಡು ಮಾತು. ಒಂದು, ತನ್ನದೇ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಟೋಕನ್ನಿನ ಷರತ್ತನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ. ಎರಡು, ವಸ್ತು ಕಳೆದುಹೋದಾಗ ತಾನು ಸಾಕಷ್ಟು ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕಾದದ್ದು ಅದನ್ನು ವಶಕ್ಕೆ ಪಡೆದವನು. ಗಾಡಿ ಅವರ ಕೈಯಲ್ಲಿದ್ದಾಗ ಏನಾಯಿತೆಂದು ನಮಗೆ ಹೇಗೆ ಗೊತ್ತಾಗಬೇಕು?

ಅದು ಹೋಟೆಲಿನ ಪ್ರಕರಣ ನಿಜ. ಆದರೆ ಅದು ನಿಂತಿರುವುದು ಬೇಲ್‌ಮೆಂಟಿನ ಮೇಲೆ. ಹೋಟೆಲಿಗಾದರೂ ನಾವು ಊಟಕ್ಕೆಂದು ಹೋಗುತ್ತೇವೆ. ಗ್ಯಾರೇಜಿಗೆ ಹೋಗುವುದೇ ಗಾಡಿ ಒಪ್ಪಿಸಲು.

ಗ್ಯಾರೇಜಿನವರ ಕಡೆಯ ಮಾತು

ಹಾಗೆಂದು ಆದ ನಷ್ಟಕ್ಕೆಲ್ಲ ಅವರೇ ಹೊಣೆಯಲ್ಲ. ತಕ್ಕ ಎಚ್ಚರ ವಹಿಸಿಯೂ ನಷ್ಟವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 152ನೇ ಸೆಕ್ಷನ್ ಅವರನ್ನು ಕಾಯುತ್ತದೆ. ಎಂದೂ ನೀರು ನುಗ್ಗದ ಶೆಡ್ಡಿಗೆ ಒಂದು ರಾತ್ರಿ ನೆರೆ ನುಗ್ಗಿದರೆ ಅದು ಬೇರೆ. ಪ್ರತಿ ಮಳೆಗಾಲ ಮುಳುಗುವ ಬೇಸ್‌ಮೆಂಟಿನಲ್ಲೇ ಗಾಡಿ ನಿಲ್ಲಿಸಿದ್ದರೆ ಅದು ಬೇರೆ. ಜಾಗ ಸಾಲದೆಂದು ಬೀಗ ಹಾಕದೆ ರಸ್ತೆಯಲ್ಲಿ ಬಿಟ್ಟ ಗಾಡಿ ಕಳುವಾದರೂ ಇದೇ ಪ್ರಶ್ನೆ: ತನ್ನ ಗಾಡಿಯಾಗಿದ್ದರೆ ಹಾಗೆ ಬಿಡುತ್ತಿದ್ದನೇ?

ಮೆಕ್ಯಾನಿಕ್‌ಗೂ ಒಂದು ಹಕ್ಕಿದೆ. ಕೆಲಸ ಮುಗಿಸಿದ ಮೇಲೆ ಕೂಲಿ ಕೊಡುವ ತನಕ ಗಾಡಿಯನ್ನು ಹಿಡಿದಿಟ್ಟುಕೊಳ್ಳಲು 170ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದ್ದರಿಂದ ಜಗಳವಿದ್ದರೆ ಬಿಲ್ಲಿನ ಮೇಲೆ ‘ಆಕ್ಷೇಪಣೆ ಇಟ್ಟುಕೊಂಡು ಪಾವತಿಸಿದೆ’ ಎಂದು ಬರೆದು, ದುಡ್ಡು ಕಟ್ಟಿ ಗಾಡಿ ಬಿಡಿಸಿಕೊಳ್ಳುವುದೇ ಜಾಣತನ. ಹೊಡೆದಾಟ ಆಮೇಲೆ.

ವಿಮೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಗ್ಯಾರೇಜಿನಲ್ಲಿ ಡೆಂಟ್ ಆದಾಗ ‘ನಿಮ್ಮ ಇನ್ಷೂರೆನ್ಸಲ್ಲೇ ಮಾಡಿಸಿಬಿಡೋಣ ಸಾರ್’ ಎನ್ನುವುದು ಮಾಮೂಲು. ಒಪ್ಪಿದರೆ ಹೋಗುವುದು ನಮ್ಮ ನೋ ಕ್ಲೈಮ್ ಬೋನಸ್. ಪ್ರೀಮಿಯಂನ ಸ್ವಂತ ಹಾನಿ ಭಾಗದಲ್ಲಿ ಅದು ಶೇಕಡಾ 20ರಿಂದ 50ರವರೆಗಿನ ರಿಯಾಯಿತಿ. ಅವರ ತಪ್ಪಿಗೆ ನಾವು ದಂಡ ಕಟ್ಟಿದಂತೆ. ಟ್ರಯಲ್ ಓಡಿಸಿದವನಿಗೆ ಡಿಎಲ್ ಇಲ್ಲದಿದ್ದರೆ ಆ ಕ್ಲೈಮೂ ತಿರಸ್ಕಾರವಾಗಬಹುದು. ರಿಪೇರಿಯವನ ಕೈಯಲ್ಲಿದ್ದ ಗಾಡಿ ದಾರಿಹೋಕರಿಗೆ ಗುದ್ದಿದರೂ ಮಾಲೀಕನ ಥರ್ಡ್ ಪಾರ್ಟಿ ವಿಮಾ ಕಂಪನಿಯೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅಂದರೆ ಕೀ ಕೊಟ್ಟ ಮೇಲೂ ಗಾಡಿಯ ನಂಟು ನಮ್ಮನ್ನು ಬಿಡುವುದಿಲ್ಲ.

ಐದು ನಿಮಿಷದ ಕೆಲಸ

ಕಾನೂನು ನಮ್ಮ ಕಡೆ ಇದ್ದರೂ ಕೇಸು ಸೋಲುವುದು ‘ಮೊದಲೇ ಹಂಗೇ ಇತ್ತು’ ಎಂಬ ಒಂದು ಮಾತಿಗೆ. ಅದಕ್ಕೆ ಮದ್ದು ಮೊಬೈಲಿನಲ್ಲೇ ಇದೆ. ಕೀ ಕೊಡುವ ಮುನ್ನ ಗಾಡಿಯ ನಾಲ್ಕೂ ಬದಿ, ಮೀಟರ್, ಪೆಟ್ರೋಲ್ ಮುಳ್ಳು ಕಾಣುವಂತೆ ಒಂದು ವಿಡಿಯೊ ಮಾಡಿ. ಜಾಬ್ ಕಾರ್ಡಿನಲ್ಲಿ ಇರುವ ಗೀರುಗಳನ್ನೂ ವಾಪಸ್ ಕೊಡುವ ದಿನವನ್ನೂ ಬರೆಸಿ. ಬೆಲೆಬಾಳುವ ಸಾಮಾನನ್ನು ಗಾಡಿಯಲ್ಲಿ ಬಿಡಬೇಡಿ. ವಾಪಸ್ ತೆಗೆದುಕೊಳ್ಳುವಾಗ ಬೆಳಕಿನಲ್ಲಿ ಒಂದು ಸುತ್ತು ನೋಡಿ, ಆಮೇಲೆ ಸಹಿ ಹಾಕಿ. ಬಿಲ್ ಕೇಳಿ ಪಡೆಯಿರಿ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಮೊನ್ನೆ ಬ್ರೇಕ್ ಕೆಲಸಕ್ಕೆ ಮತ್ತದೇ ಗ್ಯಾರೇಜಿಗೆ ಹೋಗಿದ್ದೆ. ಕೈಕೆಲಸದಲ್ಲಿ ಆ ಮಾಲೀಕರನ್ನು ಮೀರಿಸುವವರು ನಮ್ಮ ಕಡೆ ಇಲ್ಲ. ಈ ಸಲ, ಗಾಡಿ ಹೇಗಿದೆ ಅಂತ ಎರಡು ಸಾಲು ಬರೆದುಕೊಡಿ ಎಂದೆ. ಮುಖ ಗಂಟಿಕ್ಕುತ್ತಾರೆ ಅಂದುಕೊಂಡಿದ್ದೆ. ಅವರು ಎಣ್ಣೆಗೈ ಒರೆಸಿಕೊಂಡು, ಬಿಲ್ ಪುಸ್ತಕದ ಹಾಳೆಯಲ್ಲಿ ಮೀಟರ್ ಸಂಖ್ಯೆ ಬರೆದು, ‘ಇಂಡಿಕೇಟರ್ ಎರಡೂ ಸರಿ ಇದೆ’ ಎಂದು ಸೇರಿಸಿ ಸಹಿ ಹಾಕಿದರು. ವಾಪಸ್ ತರುವಾಗ ಮೀಟರ್ ಮೂರು ಕಿಲೋಮೀಟರ್ ಮುಂದೆ ಹೋಗಿತ್ತು. ಟ್ರಯಲ್‌ಗೆ ಅಷ್ಟು ಸಾಕು.