ಮರೆಯಲ್ಲಿರುವ ಮಕ್ಕಳನ್ನು ಬೆಳಕಿಗೆ ತರೋಣ

ಮನೆಗೆ ಗುರುಗಳು ಬಂದರೆಂದರೆ ಮಕ್ಕಳೆಲ್ಲರೂ ಬಾಗಿಲಿಗೆ ಓಡಿಬರುವುದು ನಮ್ಮ ಹಳ್ಳಿಗಳ ವಾಡಿಕೆ. ಹಾಗೆ ಬಂದ ಮಕ್ಕಳ ಲೆಕ್ಕಕ್ಕೂ ಜ್ಞಾನಸ್ನಾನದ ದಾಖಲೆ ಪುಸ್ತಕದ ಲೆಕ್ಕಕ್ಕೂ ಕೆಲವೊಮ್ಮೆ ತಾಳೆಯಾಗುವುದಿಲ್ಲ. ಒಂದು ಮಗು ಒಳಕೋಣೆಯಲ್ಲಿಯೇ ಉಳಿದಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕುಟುಂಬಗಳಿಗೆ ಈ ವಾರ ಅಂಥ ಮಕ್ಕಳನ್ನು ಕುರಿತು, ವಿಶೇಷವಾಗಿ ಡೌನ್ ಸಿಂಡ್ರೋಮ್ ಇರುವ ಎಳೆಯರನ್ನು ಕುರಿತು, ನಾಲ್ಕು ಮಾತು ಹೇಳಬಯಸುತ್ತೇವೆ.

‘ಡೌನ್’ ಎಂಬುದು ಕೀಳು ಎಂಬರ್ಥದ ಮಾತಲ್ಲ. ಈ ಸ್ಥಿತಿಯನ್ನು 1866ರಲ್ಲಿ ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಅವರ ಹೆಸರು ಅದು. ಇದರ ಕಾರಣವನ್ನು 1959ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮೊ ತ್ಯುರ್ಪಾಂ. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೊತೆ, ಅಂದರೆ 46 ವರ್ಣತಂತುಗಳಿರುತ್ತವೆ. ಈ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ. ಆದುದರಿಂದಲೇ ಮೂರನೆಯ ತಿಂಗಳ 21ನೆಯ ದಿನವನ್ನು ವಿಶ್ವಸಂಸ್ಥೆಯು 2012ರಿಂದ ವಿಶ್ವ ಡೌನ್ ಸಿಂಡ್ರೋಮ್ ದಿನವನ್ನಾಗಿ ಆಚರಿಸುತ್ತಿದೆ.

ಗ್ರಹಣವಾಗಲಿ, ಶಾಪವಾಗಲಿ, ಬಸುರಿಯು ಉಂಡ ಆಹಾರವಾಗಲಿ ಇದಕ್ಕೆ ಕಾರಣವಲ್ಲ. ತಾಯಿಯ ವಯಸ್ಸು 35 ದಾಟಿದ ಮೇಲೆ ಸಂಭವ ಹೆಚ್ಚುವುದುಂಟು; ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಪ್ರಭುವನ್ನು ಕೇಳಿದರು. ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲವೆಂದು ಪ್ರಭು ಸ್ಪಷ್ಟಪಡಿಸಿದರು. ಅಷ್ಟಾಗಿಯೂ ಆ ಪ್ರಶ್ನೆ ನಮ್ಮ ಬೀದಿಗಳಲ್ಲಿ ಇನ್ನೂ ಸತ್ತಿಲ್ಲ. ಆ ಪ್ರಶ್ನೆಗೆ ಅಂಜಿಯೇ ಹೆತ್ತವರು ಮಗುವನ್ನು ಮರೆಮಾಡುತ್ತಾರೆ.

ಮರೆಮಾಚುವುದರಿಂದ ಆಗುವ ನಷ್ಟ ಮಾನದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಹೃದಯದ ಎಕೋ ಪರೀಕ್ಷೆಯಾದರೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬಹುದು. ‘ದೊಡ್ಡದಾದ ಮೇಲೆ ನೋಡೋಣ’ ಎಂದು ಕಾದರೆ, ಕೆಲವು ದೋಷಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಕೆಟ್ಟು ಶಸ್ತ್ರಚಿಕಿತ್ಸೆಯೇ ಅಸಾಧ್ಯವಾದೀತು. ಮೈಸೂರಿನಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯಿದೆ. ಥೈರಾಯ್ಡ್, ಕಣ್ಣು, ಕಿವಿಗಳ ಪರೀಕ್ಷೆಯೂ ಅಷ್ಟೇ ಅಗತ್ಯ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಸ್ಸು ಸುಮಾರು 25 ವರ್ಷ; ಇಂದು ಅದು 60ರ ಸಮೀಪದಲ್ಲಿದೆ. ಸಕಾಲದ ಚಿಕಿತ್ಸೆ ತಂದುಕೊಟ್ಟ ಆಯುಸ್ಸಿದು.

ಎರಡನೆಯ ನಷ್ಟ ಕಲಿಕೆಯದು. ಇವರ ಮಾಂಸಖಂಡಗಳು ಮೆದು. ನಡೆಯಲು ಎರಡು ವರ್ಷ ಹಿಡಿಯಬಹುದು, ಮಾತು ಇನ್ನೂ ತಡ. ಆದರೆ ಮಗುವಿಗೆ ಆಡಲು ಬರುವುದಕ್ಕಿಂತ ಹೆಚ್ಚು ಮಾತು ಅರ್ಥವಾಗುತ್ತಿರುತ್ತದೆ. ಕಣ್ಣಿಂದ ಕಂಡದ್ದನ್ನು ಅದು ಬೇಗ ಹಿಡಿಯುತ್ತದೆ. ಆದುದರಿಂದ ವಸ್ತುವನ್ನು ತೋರಿಸಿ ಹೆಸರು ಹೇಳಿರಿ, ಸನ್ನೆ ಕಲಿಸಿರಿ, ಅವರೆಕಾಯಿ ಬಿಡಿಸಲು ಕೂರಿಸಿಕೊಳ್ಳಿರಿ, ಬೆರಳುಗಳು ಪಳಗುತ್ತವೆ. ಹೊಗೆಸೊಪ್ಪಿನ ಕಾಲದಲ್ಲಿ ತಾಯಿಗೆ ಬಿಡುವಿಲ್ಲದಿದ್ದರೆ ಅಜ್ಜಿ, ಅಣ್ಣ, ಅಕ್ಕಂದಿರು ಈ ಕೆಲಸ ಮಾಡಬಲ್ಲರು. ಹೇಗೆಂಬುದನ್ನು ಅರಿಯಲು 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವಿನೊಡನೆ ಹೋಗಬೇಕು. ಮೊದಲ ಆರು ವರ್ಷಗಳಲ್ಲಿ ಹಾಕಿದ ಬುನಾದಿಯನ್ನು ಮುಂದೆ ಅಷ್ಟೇ ಸುಲಭವಾಗಿ ಹಾಕಲಾಗದು.

ನೆರವು ಊರ ಬಳಿಯಲ್ಲೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೆ ಬಂದು ಉಚಿತವಾಗಿ ತಪಾಸಣೆ ಮಾಡುತ್ತವೆ. ಆದರೆ ಅಂಗನವಾಡಿಗೆ ಬಾರದ ಮಗು ಅವರ ಕಣ್ಣಿಗೆ ಬೀಳುವುದೆಂತು? ಅಂಗವಿಕಲರ ನೆರವಿಗೆಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗುರುತಿನ ಚೀಟಿ, ಮಾಸಾಶನಗಳ ದಾರಿಯನ್ನು ಅವರಲ್ಲಿ ಕೇಳಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಬೌದ್ಧಿಕ ಅಂಗವೈಕಲ್ಯವೂ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ‘ನಿರಾಮಯ’ ಯೋಜನೆಯಡಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಉಂಟು.

ಮನುಷ್ಯನು ವಿವೇಚನಾಶಕ್ತಿಯುಳ್ಳ ಪ್ರಾಣಿ ಎಂದು ಅರಿಸ್ಟಾಟಲನ ಕಾಲದಿಂದಲೂ ತತ್ತ್ವಶಾಸ್ತ್ರ ಹೇಳುತ್ತ ಬಂದಿದೆ. ಇದನ್ನು ಅಳತೆಗೋಲೆಂದು ತಿಳಿದರೆ ನಾವು ಎಡವುತ್ತೇವೆ. ಗಾಢನಿದ್ರೆಯಲ್ಲಿರುವ ಪಂಡಿತನೂ ಆ ಗಳಿಗೆಯಲ್ಲಿ ವಿವೇಚಿಸುತ್ತಿಲ್ಲ. ಆದರೂ ಅವನು ಮನುಷ್ಯನೇ. ವ್ಯಕ್ತಿಯ ಬೆಲೆ ಅವನು ಏನು ಮಾಡಬಲ್ಲನೆಂಬುದರಲ್ಲಿಲ್ಲ, ಅವನು ಇರುವುದರಲ್ಲಿಯೇ ಇದೆ. ತಮ್ಮ ಶೋಧನೆಯು ಇಂಥ ಮಕ್ಕಳನ್ನು ಗರ್ಭದಲ್ಲಿಯೇ ಗುರುತಿಸಿ ಇಲ್ಲವಾಗಿಸಲು ಬಳಕೆಯಾದುದನ್ನು ಕಂಡು ಲೆಜೂನ್ ನೊಂದರು. 1994ರಲ್ಲಿ ತೀರಿಕೊಳ್ಳುವವರೆಗೂ ಈ ಮಕ್ಕಳ ಪಕ್ಷದಲ್ಲಿ ನಿಂತರು. 2021ರಲ್ಲಿ ಧರ್ಮಸಭೆಯು ಅವರನ್ನು ‘ಪೂಜ್ಯ’ರೆಂದು ಘೋಷಿಸಿತು.

2019ರಲ್ಲಿ ಬೆಸಿಲಿಕಾ ಎನಿಸಿದ ಡೋರ್ನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಮಕ್ಕಳಿಗಾಗಿ ಹರಕೆ ಹೊತ್ತು ಬರುವವರು ಅನೇಕರು. ಹರಕೆಯನ್ನು ಬೇಡವೆನ್ನಲಾರೆವು. ಆದರೆ ಅದು ತೀರಿದ ಮೇಲೆ ಮೈಸೂರಿನ ಬಸ್ಸನ್ನೂ ಹತ್ತಿರಿ. ಸಂತರ ನೆರವು ವೈದ್ಯರ ಕೈಯಿಂದಲೂ ಬರುತ್ತದೆ.

ಉಳಿದವರಲ್ಲಿಯೂ ಒಂದು ವಿನಂತಿ. ಬಲಿಪೂಜೆಯ ನಡುವೆ ಅಂಥ ಮಗು ಕೂಗಿದರೆ ಹಿಂತಿರುಗಿ ದುರುಗುಟ್ಟಬೇಡಿರಿ. ನಿಮ್ಮ ಮಕ್ಕಳ ಪಕ್ಕದಲ್ಲಿಯೇ ಅದಕ್ಕೆ ಧರ್ಮೋಪದೇಶ ತರಗತಿಯಲ್ಲಿ ಜಾಗ ಕೊಡಿರಿ. ನೆರೆಮನೆಯಲ್ಲಿ ಅಂಥ ಕೂಸು ಹುಟ್ಟಿದಾಗ ‘ಅಯ್ಯೋ ಪಾಪ’ ಎನ್ನದೆ, ಬೇರೆ ಕೂಸನ್ನು ನೋಡಲು ಹೋಗುವಂತೆಯೇ ಹೋಗಿ ಎತ್ತಿಕೊಳ್ಳಿರಿ. ತಾಯಿಗೆ ಅಂದು ಬೇಕಾಗಿರುವ ಮೊದಲ ನೆರವು ಅದೇ.