ಆಟವೂ ಅಳಲೂ

ಆಟವನ್ನು ಹಗುರವಾದ ಸಂಗತಿಯೆಂದು ಎಣಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಆದರೂ ಆಟದಲ್ಲಿ ಅನ್ಯಾಯವಾಯಿತೆಂದು ಅಳುವ ಮಗುವಿನ ದುಃಖ ಹಗುರವಾದುದೆಂದು ಯಾವ ತಾಯಿಯೂ ಹೇಳಲಾರಳು. ನ್ಯಾಯವೆಂಬ ಮಾತಿನ ಅರ್ಥವನ್ನು ಮನುಷ್ಯನು ಮೊಟ್ಟಮೊದಲು ಕಲಿಯುವುದು ಆಟದ ಅಂಗಳದಲ್ಲಿಯೇ. ಅಂಥದೊಂದು ಅಂಗಳ ಈಗ ಅಂಗೈಯೊಳಗೆ ಬಂದು ಕುಳಿತಿದೆ. ಅಲ್ಲಿ ಹುಟ್ಟುವ ಹೊಸ ಅಳಲೊಂದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಕನ್ನಡದ ಮೇಷ್ಟ್ರಿಗೆ ಇದೇಕೆ ಎಂದು ಕೆಲವರು ಮೂಗು ಮುರಿಯಬಹುದು. ಕಡೆಯವರೆಗೆ ಓದಿದ ಮೇಲೆ ಆ ಪ್ರಶ್ನೆ ಉಳಿಯಲಾರದೆಂದು ನನ್ನ ನಂಬಿಕೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಬೆಳಗಿನ ಬಸ್ಸು ಹಿಡಿದು ಗದಗಕ್ಕೆ ಓದಲು ಬರುವ ಹುಡುಗರು ಮೊಬೈಲಿನಲ್ಲಿ ಆಡುವ ಯುದ್ಧದ ಆಟಗಳನ್ನು ನೋಡದವರು ವಿರಳ. ‘ಫ್ರೀ ಫೈರ್’ ಎಂಬುದು ಅವುಗಳಲ್ಲಿ ಬಹಳ ಹೆಸರಾದದ್ದು. ಐವತ್ತು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಕಡೆಗೆ ಉಳಿದವನೇ ವಿಜಯಿ. 2022ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ನಿಷೇಧಿಸಿದ ತಂತ್ರಾಂಶಗಳ ಪಟ್ಟಿಯಲ್ಲಿ ಇದೂ ಸೇರಿತು. ಇದರ ಒಡಹುಟ್ಟಾದ ‘ಫ್ರೀ ಫೈರ್ ಮ್ಯಾಕ್ಸ್’ ಮಾತ್ರ ಉಳಿದುಕೊಂಡಿತು. ಈ ಆಟದಲ್ಲಿ ಪ್ರತಿಯೊಬ್ಬನೂ ಒಬ್ಬ ವೀರನನ್ನು ಆರಿಸಿಕೊಳ್ಳುತ್ತಾನೆ. ಒಬ್ಬೊಬ್ಬ ವೀರನಿಗೆ ಒಂದೊಂದು ವಿಶೇಷ ಶಕ್ತಿ. ಬ್ರೆಜಿಲಿನ ಸಂಗೀತಗಾರ ಅಲೋಕ್‌ರ ಹೆಸರಿನ ವೀರನೊಬ್ಬನಿದ್ದಾನೆ. ಅವನ ಹತ್ತಿರ ನಿಂತವರ ಪ್ರಾಣಶಕ್ತಿ ಮರಳಿ ತುಂಬುತ್ತದೆ, ನಡಿಗೆ ಚುರುಕಾಗುತ್ತದೆ.

2020ರ ಕೊನೆಯಲ್ಲಿ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊರ ರೂಪದಲ್ಲಿ ‘ಕ್ರೋನೋ’ ಎಂಬ ವೀರ ಬಂದ. ಅವನು ತನ್ನ ಸುತ್ತ ಗುಂಡು ತಾಗದ ಕವಚವೊಂದನ್ನು ಎಬ್ಬಿಸಿಕೊಂಡು, ಅದರ ಒಳಗಿನಿಂದಲೇ ಶತ್ರುವಿಗೆ ಗುರಿಯಿಡಬಲ್ಲವನಾಗಿದ್ದ. ಎಲ್ಲರಿಗೂ ಅವನೇ ಬೇಕಾದ. 2021ರಲ್ಲಿ ಆಟದ ಒಡೆಯರು ಅವನ ಬಲವನ್ನು ತಗ್ಗಿಸಿದರು. ಕವಚವನ್ನು ಒಮ್ಮೆ ಬಳಸಿದವನು ಮತ್ತೆ ಬಳಸಲು ಕಾಯಬೇಕಾದ ಹೊತ್ತು ಬಹಳ ಹೆಚ್ಚಿತು. ಒಳಗಿನಿಂದ ಗುಂಡು ಹಾರಿಸುವ ಅನುಕೂಲವೂ ಹೋಯಿತು.

ವೀರನ ಬಲ ಹೆಚ್ಚಿಸಿದರೆ ‘ಬಫ್’ ಎಂದೂ ಕುಂದಿಸಿದರೆ ‘ನರ್ಫ್’ ಎಂದೂ ಆಟಗಾರರ ಪರಿಭಾಷೆ. ಈ ಎರಡನೆಯ ಮಾತಿನ ಮೂಲ ಸ್ವಾರಸ್ಯವಾದುದು: ಅದು ಮಕ್ಕಳಿಗೆ ಪೆಟ್ಟಾಗದಂತೆ ಸ್ಪಂಜಿನಿಂದ ಮಾಡಿದ ಅಮೆರಿಕದ ಆಟಿಕೆಯೊಂದರ ಹೆಸರು. ಉಕ್ಕಿನ ಕತ್ತಿಯನ್ನು ಕಸಿದುಕೊಂಡು ಸ್ಪಂಜಿನ ಕತ್ತಿ ಕೊಟ್ಟರೆಂಬ ನೋವು ಆ ಒಂದು ಮಾತಿನಲ್ಲಿ ಅಡಗಿದೆ. ನೊಂದವರು ಕಟ್ಟಿದ ಶಬ್ದಕ್ಕೆ ಯಾವ ಭಾಷೆಯಲ್ಲಿಯೂ ಒಂದು ಮೊನಚಿರುತ್ತದೆ.

ಮುಂಡರಗಿಯ ಕಡೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಮುಖ ಬಾಡಿಸಿಕೊಂಡು ತರಗತಿಯಲ್ಲಿ ಕುಳಿತಿದ್ದ. ಮನೆಯಲ್ಲಿ ಏನಾದರೂ ಆಯಿತೇನೋ ಎಂದು ಪಾಠ ಮುಗಿದ ಮೇಲೆ ಕೇಳಿದೆ. ಆದದ್ದು ಇಷ್ಟೆ: ರಜೆಯಲ್ಲಿ ಉಳ್ಳಾಗಡ್ಡಿ ಕೀಳುವ ಕೂಲಿಗೆ ಹೋಗಿ ಕೂಡಿಟ್ಟ ಹಣದಲ್ಲಿ ಅವನು ಇಂಥದೊಂದು ಆಟದ ವೀರನನ್ನು ಕೊಂಡಿದ್ದ. ಆರು ತಿಂಗಳು ಅಭ್ಯಾಸ ಮಾಡಿ ಬೆರಳುಗಳನ್ನು ಪಳಗಿಸಿದ್ದ. ಒಂದು ರಾತ್ರಿಯಲ್ಲಿ ಆ ವೀರನ ಬಲ ಅರ್ಧಕ್ಕೆ ಇಳಿದಿತ್ತು. “ನಾ ಆಡೂದು ಮರತಿಲ್ಲ ಸರ, ಅವನ ಕೈ ಕಟ್ಯಾರ” ಎಂದ. ನಗಬೇಕೆಂದಿದ್ದ ನನಗೆ ನಗು ಬರಲಿಲ್ಲ.

ಅವನ ದುಃಖವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಎಳೆಗಳಿವೆ. ಹಣ ಕೊಟ್ಟು ಕೊಂಡದ್ದು ತನ್ನದಲ್ಲವೆಂಬ ಅರಿವು ಒಂದು. ಅಂಗಡಿಯಲ್ಲಿ ಕೊಂಡ ಕೊಡಲಿಯನ್ನು ಅಂಗಡಿಕಾರ ರಾತ್ರಿ ಮನೆಗೆ ಬಂದು ಮೊಂಡು ಮಾಡಿ ಹೋಗಲಾರ. ಇಲ್ಲಿ ಹಾಗೆ ಮಾಡಬಹುದು. ಬೆವರಿಳಿಸಿ ಕಲಿತ ವಿದ್ಯೆ ಕೈಯಲ್ಲಿದ್ದೂ ಕೆಲಸಕ್ಕೆ ಬಾರದೆ ಹೋಯಿತೆಂಬ ಸಂಕಟ ಇನ್ನೊಂದು. ಸೋತಾಗ ಆಗುವ ದುಃಖಕ್ಕೆ ನಾಳಿನ ಪಂದ್ಯವೇ ಔಷಧಿ. ಈ ಸಂಕಟಕ್ಕೆ ಆ ಔಷಧಿ ನಾಟುವುದಿಲ್ಲ.

ಹಾಗೆಂದು ಆಟ ಮಾಡಿದವರ ಪಕ್ಷವನ್ನು ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಒಬ್ಬನೇ ವೀರ ಎಲ್ಲರನ್ನೂ ಗೆಲ್ಲುತ್ತಾನೆಂದಾದರೆ ಎಲ್ಲರೂ ಅವನನ್ನೇ ಆರಿಸುತ್ತಾರೆ. ಐವತ್ತು ಜನರ ಕಾಳಗ ಒಂದೇ ಮುಖದ ಐವತ್ತು ಬೊಂಬೆಗಳ ಕಾಳಗವಾಗುತ್ತದೆ. ಆ ವೀರನನ್ನು ಕೊಳ್ಳಲು ಹಣವಿಲ್ಲದವನು ಆಡುವ ಮೊದಲೇ ಸೋತಿರುತ್ತಾನೆ. ಯಾವ ವೀರನನ್ನು ಎಷ್ಟು ಜನ ಆರಿಸುತ್ತಾರೆ, ಅವನು ಎಷ್ಟು ಸಲ ಗೆಲ್ಲುತ್ತಾನೆ ಎಂಬುದನ್ನು ಲೆಕ್ಕವಿಟ್ಟು, ಹೆಚ್ಚಾದದ್ದನ್ನು ಸವರಿ, ಕಡಮೆಯಾದದ್ದನ್ನು ತುಂಬುವುದು ಅವರ ನಿತ್ಯದ ಕೆಲಸ. ನಾವು ಅಳುವವನ ದನಿಯನ್ನು ಕೇಳುತ್ತೇವೆ; ನಿನ್ನೆಯವರೆಗೆ ಅವನ ಕೈಯಲ್ಲಿ ಕಾರಣವಿಲ್ಲದೆ ಸೋಲುತ್ತಿದ್ದವನ ದನಿ ನಮಗೆ ಕೇಳಿಸಿರುವುದಿಲ್ಲ.

ಬಲಾಬಲಗಳನ್ನು ತೂಗುವ ಈ ವಿದ್ಯೆ ನಮಗೇನೂ ಹೊಸದಲ್ಲ. ಹುಲಿ-ಕುರಿಯ ಆಟವನ್ನೇ ನೋಡಿರಿ. ಹುಲಿಗೆ ಹಾರಿ ಕೊಲ್ಲುವ ಶಕ್ತಿ, ಕುರಿಗೆ ಅದಿಲ್ಲ. ಆದರೆ ಕುರಿಗಳು ಹಲವು. ಒಗ್ಗಟ್ಟಾಗಿ ನಿಂತರೆ ಹುಲಿಯನ್ನು ಕಟ್ಟಿಹಾಕಬಲ್ಲವು. ಊರಿಂದ ಊರಿಗೆ ಹುಲಿಗಳ ಸಂಖ್ಯೆ ಬೇರೆ, ಕುರಿಗಳ ಸಂಖ್ಯೆ ಬೇರೆ, ಗೆರೆ ಎಳೆಯುವ ಕ್ರಮವೂ ಬೇರೆ. ಎಷ್ಟು ಕುರಿಯಿದ್ದರೆ ಆಟ ಕಟ್ಟುತ್ತದೆಂಬುದನ್ನು ಕಟ್ಟೆಯ ಮೇಲೆ ಕುಳಿತವರೇ ಆಡಿ ನೋಡಿ, ವಾದಿಸಿ, ಒಪ್ಪಿ ಗೊತ್ತುಮಾಡಿಕೊಂಡರು.

ಚದುರಂಗದ ಕತೆಯೂ ಇಂಥದೇ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವರ್ಣಿಸಿದ್ದಾನೆ. ಹಳೆಯ ಚದುರಂಗದ ಮಂತ್ರಿ ಓರೆಯಾಗಿ ಒಂದೇ ಒಂದು ಮನೆ ನಡೆಯುವ ಬಡಪಾಯಿ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಅವನು ರಾಣಿಯಾಗಿ, ಹಲಗೆಯ ಉದ್ದಗಲಕ್ಕೂ ನುಗ್ಗುವ ಶಕ್ತಿಯನ್ನು ಪಡೆದ. ಇಟಲಿಯವರು ಈ ಹೊಸ ಆಟವನ್ನು ಹುಚ್ಚು ಹಿಡಿದ ಆಟವೆಂದು ಕರೆದರು. ಆದರೆ ಹಳೆಯ ಹಲಗೆಯನ್ನು ಯಾರೂ ಕಸಿಯಲಿಲ್ಲ. ಒಪ್ಪಿದವರು ಹೊಸದನ್ನು ಆಡಿದರು, ಒಪ್ಪದವರು ಹಳೆಯದನ್ನು ಆಡಿದರು. ನಮ್ಮ ದೇಶದಲ್ಲಂತೂ ಇಪ್ಪತ್ತನೆಯ ಶತಮಾನದಲ್ಲಿಯೂ ಕೆಲವು ದೇಶೀ ನಿಯಮಗಳು ಉಳಿದಿದ್ದವು. ಆ ನಿಯಮಗಳಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನರು ಯುರೋಪಿನ ಕ್ರಮವನ್ನು ಆಮೇಲೆ ಕಲಿತು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನಿಯಮ ಬದಲಾದರೂ ನಿಜವಾದ ವಿದ್ಯೆ ಬದುಕುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನೊಂದ ಹುಡುಗರಿಗೆ ನಾನು ಹೇಳುವ ಸಮಾಧಾನವೂ ಇದೇ: ವೀರನ ಬಲ ಅವರು ಕೊಟ್ಟದ್ದು, ನಿನ್ನ ಕಣ್ಣಿನ ಎಚ್ಚರ ನೀನು ಗಳಿಸಿದ್ದು, ಮೊದಲನೆಯದನ್ನು ಅವರು ಮರಳಿ ಪಡೆದಾರು, ಎರಡನೆಯದು ಅವರ ಕೈಗೆ ಎಟುಕದು.

ಆದರೆ ಸಮಾಧಾನ ಹೇಳಿದ ಮಾತ್ರಕ್ಕೆ ನ್ಯಾಯದ ಪ್ರಶ್ನೆ ತೀರುವುದಿಲ್ಲ. ‘ಇಥೀರಿಯಮ್’ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಮೊದಲಿಗರಾದ ವಿಟಾಲಿಕ್ ಬುಟೆರಿನ್ ಕೆನಡಾದಲ್ಲಿ ಹುಡುಗನಾಗಿದ್ದಾಗ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟವನ್ನು ಆಡುತ್ತಿದ್ದರು. ತಮ್ಮ ಪ್ರೀತಿಯ ಮಾಂತ್ರಿಕನ ಮಂತ್ರವೊಂದರ ಬಲವನ್ನು ಒಡೆಯರು ಕಿತ್ತುಹಾಕಿದ ದಿನ ಅಳುತ್ತ ಮಲಗಿದುದಾಗಿಯೂ, ಅಧಿಕಾರವೆಲ್ಲ ಒಂದೇ ಕಡೆ ಕೂಡಿದರೆ ಏನಾಗುತ್ತದೆಂಬುದು ಅಂದು ತಿಳಿಯಿತೆಂದೂ ಅವರು ಬರೆದುಕೊಂಡಿದ್ದಾರೆ. ಮುಂದೆ ಅವರು ಕಟ್ಟಿದ್ದು ಯಾರೊಬ್ಬರ ಅಂಕೆಗೂ ಸಿಗದಿರಬೇಕೆಂಬ ವ್ಯವಸ್ಥೆ. ಆಟದ ಅಳಲು ಎಲ್ಲಿಯವರೆಗೆ ಹೋಗಬಲ್ಲುದು, ನೋಡಿರಿ!

ಬಲವನ್ನು ತಗ್ಗಿಸುವುದಕ್ಕೆ ಒಂದು ಧರ್ಮವುಂಟೆ? ಉಂಟೆಂದು ನಮ್ಮ ಮಹಾಭಾರತ ಹೇಳುತ್ತದೆ. ಪುಲಿಗೆರೆಯ, ಎಂದರೆ ನಮ್ಮ ಲಕ್ಷ್ಮೇಶ್ವರದ, ತಿರುಳ್ಗನ್ನಡದಲ್ಲಿ ಕಾವ್ಯ ಕಟ್ಟಿದ ಪಂಪನೂ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ ಕುಮಾರವ್ಯಾಸನೂ ಕರ್ಣನಿಗಾಗಿ ಕರಗಿದವರು. ಕರ್ಣನ ಸಹಜ ಕವಚ ಹೋಗದೆ ಕುರುಕ್ಷೇತ್ರದ ತಕ್ಕಡಿ ಸಮವಾಗುವಂತಿರಲಿಲ್ಲ. ಇಂದ್ರನಿಗೆ ಅದು ಗೊತ್ತಿತ್ತು. ಆದರೆ ಕತೆ ನಡೆದ ಬಗೆಯನ್ನು ಗಮನಿಸಬೇಕು. ಸೂರ್ಯನು ಕರ್ಣನಿಗೆ ಮುಂಚಿತವಾಗಿ ಎಚ್ಚರಿಕೆ ಕೊಟ್ಟನು. ದೇವೇಂದ್ರನಾದರೂ ಬಾಗಿಲಿಗೆ ಬಂದು ಬೇಡಿದನು. ಕವಚ ಹೋದ ಕೈಗೆ ಪ್ರತಿಯಾಗಿ ಶಕ್ತ್ಯಾಯುಧ ಬಂದಿತು. ಮುನ್ಸೂಚನೆ, ಸಮ್ಮತಿ, ಪರಿಹಾರ—ಈ ಮೂರೂ ಇದ್ದುದರಿಂದಲೇ ಬಲ ಕಳೆದುಕೊಂಡ ಕರ್ಣ ಚಿಕ್ಕವನಾಗಲಿಲ್ಲ, ದಾನಶೂರನಾದ.

ಇಂದಿನ ಆಟದ ಒಡೆಯರು ತಿದ್ದುಪಡಿಯ ಟಿಪ್ಪಣಿಗಳನ್ನು ಪ್ರಕಟಿಸುವುದುಂಟು. ಕೆಲವು ಆಟಗಾರರಿಗೆ ಮೊದಲೇ ಪ್ರಯೋಗಕ್ಕೆ ಕೊಡುವುದೂ ಉಂಟು. ಅದನ್ನು ಮರೆಮಾಚಬಾರದು. ಆದರೆ ಶಿರಹಟ್ಟಿಯ ಹುಡುಗನ ಬಾಗಿಲಿಗೆ ಬಂದು ಬೇಡಿದವರಿಲ್ಲ; ಅವನು ತೆತ್ತ ಕೂಲಿಯ ಹಣಕ್ಕೆ ಪ್ರತಿಯಾಗಿ ಬಂದುದೂ ಇಲ್ಲ.

ಇದು ಆಟಕ್ಕೆ ಮಾತ್ರ ಸಲ್ಲುವ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗದಗ ಜಿಲ್ಲೆಯ ಹೊಲಗಳಲ್ಲಿ ಉಳ್ಳಾಗಡ್ಡಿ ಮುಖ್ಯವಾದ ಬೆಳೆ. 2023ರ ಆಗಸ್ಟಿನಲ್ಲಿ ಅದರ ರಫ್ತಿಗೆ ಶೇಕಡಾ 40ರ ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ನಿಷೇಧವಾಯಿತು. 2024ರ ಮೇ ತಿಂಗಳಲ್ಲಿ ಆ ನಿಷೇಧ ಹೋಯಿತು. ಪಟ್ಟಣದಲ್ಲಿ ಕೊಂಡು ತಿನ್ನುವವನಿಗೆ ಬೆಲೆ ಏರಬಾರದೆಂಬ ಕಾರಣ ಸಣ್ಣದಲ್ಲ. ಅದೂ ಒಂದು ತಕ್ಕಡಿಯ ಕೆಲಸವೇ. ಆದರೆ ಬಿತ್ತುವಾಗ ಇದ್ದ ನಿಯಮ ಮಾರುವಾಗ ಇಲ್ಲವೆಂದರೆ ಬೆಳೆದವನ ಎದೆಗೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮೊಬೈಲಿನ ಮುಂದೆ ಕುಳಿತ ಮಗನ ಮುನಿಸನ್ನು ಹುಡುಗಾಟವೆಂದು ಗದರಿಸುವ ತಂದೆ, ತನ್ನ ಹೊಲದ ದುಃಖವನ್ನು ಒಮ್ಮೆ ಅದರ ಪಕ್ಕದಲ್ಲಿಟ್ಟು ನೋಡಲಿ. ಎರಡರ ಭಾರ ಒಂದಲ್ಲ. ಹೊಲ ಹೋದರೆ ಒಲೆ ಆರುತ್ತದೆ, ಆಟ ಹೋದರೆ ಆರುವುದಿಲ್ಲ. ಆದರೆ ಎರಡರ ಜಾತಿ ಒಂದೇ.

ನಿಯಮಗಳು ಬದಲಾಗಬೇಕು, ಬದಲಾಗದ ಆಟ ಬತ್ತಿಹೋಗುತ್ತದೆ. ಬಲಿಷ್ಠನ ಬಲ ತಗ್ಗಬೇಕಾದ ದಿನಗಳೂ ಬರುತ್ತವೆ. ಆದರೆ ಬದಲಾಯಿಸುವ ಕೈ ಬಾಗಿಲು ತಟ್ಟಿ ಬರಲಿ, ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ, ಪ್ರತಿಯಾಗಿ ಏನನ್ನಾದರೂ ಕೊಟ್ಟು ಹೋಗಲಿ. ಇಷ್ಟನ್ನು ಕೇಳಲು ಕಲಿತ ಹುಡುಗನು ಆಟದಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚಿನದನ್ನು ಗಳಿಸಿದನೆಂದೇ ಹೇಳಬೇಕು. ಏಕೆಂದರೆ ನಾಳೆ ಅವನು ದೊಡ್ಡವನಾಗಿ, ಇನ್ನೊಬ್ಬರ ಬದುಕಿನ ನಿಯಮ ಬರೆಯುವ ಕುರ್ಚಿಯಲ್ಲಿ ಕುಳಿತಾಗ, ಆ ಕಡೆ ಕುಳಿತವನ ಬಾಡಿದ ಮುಖ ಅವನಿಗೆ ನೆನಪಾಗಬೇಕಾಗಿದೆ.